ಸಂಜೆಯ ಬೆಟ್ಟ–ಗುಹೆ ವಿಹಾರ: ಪೂರ್ವಸಿದ್ಧತೆಯೇ ರಕ್ಷೆ

ಶರೀರವನ್ನು ತಿರಸ್ಕರಿಸದೆ ಅದನ್ನು ಸಾಧನೆಯ ನೆಲೆಯೆಂದು ಗೌರವಿಸಿದ ಪರಂಪರೆ ಶರಣರದು. ನಿಂತ ನೀರಿನಂತೆ ಇರುವುದಕ್ಕಿಂತ ಚಲನಶೀಲವಾಗಿರುವುದನ್ನು ಅವರು ಮೆಚ್ಚಿದರು. ಆದರೆ ಇಂದಿನ ನಗರಜೀವನ ಬಹುಮಟ್ಟಿಗೆ ಕುಳಿತೇ ಕಳೆಯುವ ಜೀವನ. ಮೈಸೂರಿನ ದೇವರಾಜ ಮೊಹಲ್ಲಾದಂತಹ ವ್ಯಾಪಾರದ ಬಡಾವಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ ಮತ್ತು ಮಾರುಕಟ್ಟೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೂ ಕಚೇರಿಗಳಲ್ಲಿ ಗಣಕಯಂತ್ರದ ಮುಂದೆ ಕುಳಿತವರಿಗೂ ದಿನದ ಹತ್ತು ಗಂಟೆಗಳು ಕುರ್ಚಿಯಲ್ಲೇ ಕಳೆದುಹೋಗುತ್ತವೆ. ಬೆಳಗಿನ ಹೊತ್ತು ಪೂಜೆ ಮತ್ತು ಮನೆಗೆಲಸಗಳಿಗೆ ಸಲ್ಲುವುದರಿಂದ ವ್ಯಾಯಾಮಕ್ಕೆ ಅನೇಕರಿಗೆ ಉಳಿಯುವುದು ಸಂಜೆ ಮಾತ್ರ.

ಈ ಕಾರಣದಿಂದಲೇ ಯುವಕರು ಚಾರಣ, ಬಂಡೆ ಹತ್ತುವಿಕೆ ಮತ್ತು ಗುಹಾವೀಕ್ಷಣೆಯ ಬಳಗಗಳನ್ನು ಸೇರಿ ಸಂಜೆಯ ವಿಹಾರಕ್ಕೆ ಹೊರಡುವುದು ಹೆಚ್ಚುತ್ತಿದೆ. ಹಲವೆಡೆ ತಂದೆತಾಯಿಗಳೂ ಮಕ್ಕಳೂ ಜೊತೆಗೂಡುತ್ತಾರೆ. ಇದು ಸ್ವಾಗತಾರ್ಹ. ಆದರೆ ಬೆಳಗಿನ ಚಾರಣದಲ್ಲಿ ತಡವಾದರೆ ಬಿಸಿಲೇರುತ್ತದೆ, ಸಂಜೆಯ ಚಾರಣದಲ್ಲಿ ತಡವಾದರೆ ಕತ್ತಲಾಗುತ್ತದೆ. ಬಿಸಿಲಿನಲ್ಲಿ ದಾರಿ ಕಾಣುತ್ತದೆ, ಕತ್ತಲೆಯಲ್ಲಿ ಕಾಣುವುದಿಲ್ಲ. ಆದುದರಿಂದ ಸಂಜೆಯ ವಿಹಾರಕ್ಕೆ ಹೆಚ್ಚಿನ ಪೂರ್ವಯೋಜನೆ ಬೇಕು.

ಸಂಜೆಯ ಹೊತ್ತಿನ ಗುಣದೋಷಗಳು

ಮನುಷ್ಯನ ದೇಹದ ಉಷ್ಣತೆ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಬೆಳಗಿನ ಜಾವ ಅದು ಕನಿಷ್ಠ ಮಟ್ಟದಲ್ಲಿರುತ್ತದೆ, ಮಧ್ಯಾಹ್ನ ಕಳೆದು ಸಂಜೆಯಾಗುವ ವೇಳೆಗೆ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ಸ್ನಾಯುಗಳು ಸಡಿಲವಾಗಿ, ಕೀಲುಗಳು ಸುಲಭವಾಗಿ ಚಲಿಸುತ್ತವೆ. ನಿದ್ದೆಯಿಂದ ಎದ್ದೊಡನೆ ಬೆಟ್ಟ ಹತ್ತುವುದಕ್ಕಿಂತ ಸಂಜೆ ಹತ್ತುವುದು ಅನೇಕರಿಗೆ ಹಗುರವೆನಿಸುವುದು ಈ ಕಾರಣದಿಂದ.

ಮತ್ತೊಂದು ಕಡೆ, ಸಂಜೆಗೆ ಕಣ್ಣಿನ ಮಿತಿ ಎದುರಾಗುತ್ತದೆ. ಬೆಳಕಿನಿಂದ ಕತ್ತಲೆಗೆ ಹೋದಾಗ ನಮ್ಮ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ ಯಾರಾದರೂ ಒಮ್ಮೆ ಮೊಬೈಲಿನ ಬೆಳಕನ್ನು ಮುಖಕ್ಕೆ ಹಾಯಿಸಿದರೆ ಆ ಹೊಂದಾಣಿಕೆ ಕಳೆದುಹೋಗಿ, ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಮೆಟ್ಟಿಲಿನ ಅಂಚು ಕಾಣದೆ ಕಾಲು ಉಳುಕುವುದು ಬಹುಪಾಲು ಇಂತಹ ಸಂದರ್ಭದಲ್ಲಿಯೇ. ವಯಸ್ಸಾದವರಲ್ಲಿ, ಅದರಲ್ಲೂ ಕಣ್ಣಿನ ಪೊರೆ ಇರುವವರಲ್ಲಿ, ಮಂದಬೆಳಕಿನ ದೃಷ್ಟಿ ಇನ್ನೂ ಕಡಿಮೆ.

ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿರಿ

ಸಂಜೆಯ ವಿಹಾರದ ಯೋಜನೆಯಲ್ಲಿ ಹೊರಡುವ ಸಮಯವನ್ನು ಮೊದಲು ನಿಶ್ಚಯಿಸಬಾರದು. ಕೆಳಗೆ ಇಳಿದು ಮುಗಿಸಬೇಕಾದ ಸಮಯವನ್ನು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮೈಸೂರಿನಲ್ಲಿ ನವೆಂಬರ್ ಕೊನೆಯ ದಿನಗಳಲ್ಲಿ ಸುಮಾರು 5 ಗಂಟೆ 55 ನಿಮಿಷಕ್ಕೇ ಸೂರ್ಯ ಮುಳುಗುತ್ತಾನೆ. ಜುಲೈ ಆರಂಭದಲ್ಲಿ ಸುಮಾರು 6 ಗಂಟೆ 50 ನಿಮಿಷವಾಗುತ್ತದೆ. ನಮ್ಮ ಪ್ರದೇಶದಲ್ಲಿ ಸೂರ್ಯಾಸ್ತದ ಬಳಿಕ ನಡೆಯಲು ಸಾಕಾಗುವ ಸಂಧ್ಯಾಪ್ರಕಾಶ ಉಳಿಯುವುದು 20 ನಿಮಿಷ ಮಾತ್ರ. ಆಗಸದಲ್ಲಿ ಮೋಡ ಕವಿದಿದ್ದರೆ ಅದೂ ಇಲ್ಲ.

ನಮಗೆಲ್ಲ ಪರಿಚಿತವಾದ ಚಾಮುಂಡಿಬೆಟ್ಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಗಿಲು, ನಗರದ ಮಟ್ಟದಿಂದ ಸುಮಾರು 300 ಮೀಟರ್. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ಸುಮಾರು ಸಾವಿರ ಮೆಟ್ಟಿಲುಗಳ ಹಾದಿ ಇಂದಿಗೂ ಭಕ್ತರ ಹಾದಿ. ಮೂರನೆಯ ಎರಡು ಭಾಗ ದಾಟಿದ ಮೇಲೆ ಏಕಶಿಲೆಯ ನಂದಿ ಸಿಗುತ್ತಾನೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ರೂಪಿಸಿದ ಸರಳ ಲೆಕ್ಕವೊಂದನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ ಚಾಮುಂಡಿಬೆಟ್ಟದ ಏರಿಗೇ ಅರ್ಧ ಗಂಟೆಯಾಯಿತು. ನಡಿಗೆಯ ದೂರ ಮತ್ತು ವಿಶ್ರಾಂತಿಯನ್ನು ಸೇರಿಸಿದರೆ ಸಾಮಾನ್ಯರಿಗೆ ಒಂದು ಗಂಟೆ ಬೇಕು.

ಹತ್ತಲು 60 ನಿಮಿಷ, ದರ್ಶನ ಮತ್ತು ವಿಶ್ರಾಂತಿಗೆ 30, ಇಳಿಯಲು 45, ಅನಿರೀಕ್ಷಿತಕ್ಕೆಂದು 30. ಒಟ್ಟು ಎರಡು ಮುಕ್ಕಾಲು ಗಂಟೆ. ನವೆಂಬರ್ ಕೊನೆಯಲ್ಲಿ 6 ಗಂಟೆ 15ಕ್ಕೆ ಕೆಳಗಿರಬೇಕೆಂದರೆ ಮೂರೂವರೆಗೆ ಪಾದದಿಂದ ಹತ್ತಲು ತೊಡಗಿರಬೇಕು. ಜುಲೈಯಲ್ಲಿ 4 ಗಂಟೆ 25 ಆದರೂ ನಡೆದೀತು. ಐದು ಗಂಟೆಗೆ ಕಚೇರಿ ಬಿಡುವವರಿಗೆ ಮೆಟ್ಟಿಲು ಹತ್ತಿ ಮೆಟ್ಟಿಲಲ್ಲೇ ಇಳಿಯುವುದು ವರ್ಷದ ಯಾವ ತಿಂಗಳಲ್ಲೂ ಸುರಕ್ಷಿತವಲ್ಲವೆಂದು ಈ ಲೆಕ್ಕವೇ ಹೇಳುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ಮೆಟ್ಟಿಲಲ್ಲಿ ಹತ್ತಿ ನಗರ ಸಾರಿಗೆ ಬಸ್ಸಿನಲ್ಲಿ ಇಳಿಯುವ ಯೋಜನೆ ಮಾಡಿದರೆ ಬೇಕಾಗುವ ಸಮಯ ಒಂದೂವರೆ ಗಂಟೆಗೆ ಇಳಿಯುತ್ತದೆ. ಬೇಸಿಗೆ ಮತ್ತು ಮಳೆಗಾಲದ ದೀರ್ಘ ಸಂಜೆಗಳಲ್ಲಿ ಇದು ಸಾಧ್ಯ. ಚಳಿಗಾಲದ ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಯ ನಡಿಗೆ ಸಾಕು. ಬೆಟ್ಟವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬಹುದು.

ಮೊಣಕಾಲು ಮತ್ತು ಹೃದಯ

ಬಸ್ಸಿನಲ್ಲಿ ಇಳಿಯುವ ಸಲಹೆಗೆ ವೈದ್ಯಕೀಯ ಕಾರಣವೂ ಉಂಟು. ಹತ್ತುವಾಗ ದಣಿಯುವುದು ಹೃದಯ ಮತ್ತು ಶ್ವಾಸಕೋಶ. ಇಳಿಯುವಾಗ ಭಾರ ಬೀಳುವುದು ಮೊಣಕಾಲಿನ ಮೇಲೆ. ಇಳಿಯುವಾಗ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾಗುತ್ತದೆ. ಮರುದಿನ ಕಾಡುವ ನೋವಿಗೆ ಮುಖ್ಯ ಕಾರಣ ಇದೇ. ಮೊಣಕಾಲಿನ ಸವೆತವಿರುವವರು ಹತ್ತುವುದನ್ನು ಪೂರ್ತಿ ಬಿಡಬೇಕಾಗಿಲ್ಲ. ಇಳಿಯುವುದನ್ನು ಕಡಿಮೆ ಮಾಡಿದರೂ ಬಹಳ ಲಾಭ. ಕೈಯಲ್ಲಿ ಊರುಗೋಲು, ಚಿಕ್ಕ ಹೆಜ್ಜೆ, ಹಿಡಿತವಿರುವ ಪಾದರಕ್ಷೆ ಇವು ನೆರವಾಗುತ್ತವೆ.

ಶ್ರಮದ ಮಟ್ಟವನ್ನು ಅಳೆಯಲು ಉಪಕರಣ ಬೇಡ. ಹತ್ತುತ್ತಾ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಒಂದೊಂದು ಪದಕ್ಕೂ ಏದುಸಿರು ಬಂದರೆ ನಿಲ್ಲಬೇಕು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ನಾಡಿಬಡಿತ ಏರದಂತೆ ತಡೆಯುವುದರಿಂದ ಅಂಥವರು ನಾಡಿಯನ್ನು ನಂಬದೆ ಉಸಿರನ್ನೇ ಗಮನಿಸಬೇಕು. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಯಲ್ಲಿ ನೋವು, ತಣ್ಣನೆಯ ಬೆವರು ಕಂಡರೆ ‘ಇನ್ನು ಸ್ವಲ್ಪವೇ ದೂರ’ ಎಂದು ಮುಂದುವರಿಯದೆ ಅಲ್ಲಿಯೇ ಕುಳ್ಳಿರಿಸಿ 108ಕ್ಕೆ ಕರೆಮಾಡಬೇಕು.

ಮಧುಮೇಹಿಗಳು ವಿಶೇಷ ಎಚ್ಚರ ವಹಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಂಜೆ ದೀರ್ಘ ಶ್ರಮವಾದರೆ ಆಗಲೇ ಅಲ್ಲದೆ ಹಲವು ಗಂಟೆಗಳ ನಂತರ, ನಿದ್ದೆಯಲ್ಲಿಯೂ ರಕ್ತದ ಸಕ್ಕರೆ ಕುಸಿಯಬಹುದು. ಕೈನಡುಕ, ಬೆವರು, ಗಲಿಬಿಲಿ ಇದರ ಲಕ್ಷಣಗಳು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ವಿಹಾರಕ್ಕೆ ಮೊದಲು ಮಾತ್ರೆಯ ಪ್ರಮಾಣದ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು. ತಾವಾಗಿಯೇ ಬದಲಿಸಬಾರದು.

ಹೊರಡುವ ಎರಡು ಗಂಟೆ ಮೊದಲು ಲಘು ಆಹಾರ, ದಾರಿಗೆ ಬಾಳೆಹಣ್ಣು, ಹುರಿದ ಕಡಲೆಕಾಯಿಬೀಜ ಮತ್ತು ಬೆಲ್ಲ, ಒಬ್ಬರಿಗೆ ಒಂದು ಲೀಟರಿಗೆ ಕಡಿಮೆಯಿಲ್ಲದ ನೀರು ಇರಲಿ. ಮರಳಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ ಹಿತಕರ.

ಬಂಡೆ ಮತ್ತು ಗುಹೆ

ಹಗ್ಗ ಹಿಡಿದು ಬಂಡೆ ಹತ್ತುವುದು ಚಾರಣಕ್ಕಿಂತ ಬೇರೆಯಾದ ವಿದ್ಯೆ. ನಮ್ಮ ರಾಜ್ಯದಲ್ಲಿ ಬಾದಾಮಿಯ ಮರಳುಗಲ್ಲು, ರಾಮನಗರ–ಸಾವನದುರ್ಗಗಳ ಕಣಶಿಲೆ ಇದಕ್ಕೆ ಹೆಸರಾಗಿವೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಈ ವಿದ್ಯೆಯಲ್ಲಿ ತರಬೇತಿ ನೀಡುತ್ತದೆ. ತರಬೇತಿ ಪಡೆದವರ ಮೇಲ್ವಿಚಾರಣೆಯಿಲ್ಲದೆ ಯಾರೂ ಹಗ್ಗವನ್ನು ಮುಟ್ಟಬಾರದು. ಸಂಜೆಯ ಹೊತ್ತಿಗೆ ಹೊಸ ಹಾದಿಯನ್ನು ಪ್ರಯತ್ನಿಸದೆ, ಹಗಲಿನಲ್ಲಿ ಹತ್ತಿ ಪಳಗಿದ ಹಾದಿಯನ್ನೇ ಆರಿಸಿಕೊಳ್ಳಬೇಕು. ಶಿರಸ್ತ್ರಾಣ ಕಡ್ಡಾಯ. ಕಟ್ಟಿದ ಗಂಟನ್ನು ಕಟ್ಟಿದವರಲ್ಲದೆ ಜೊತೆಗಾರರೂ ಬೆಳಕು ಹಿಡಿದು ಪರೀಕ್ಷಿಸಬೇಕು. ಲಿಂಗಧಾರಿಗಳಾದ ಸದ್ಭಕ್ತರು ಶಿವದಾರ–ಕರಡಿಗೆಗಳನ್ನು ಅಂಗಿಯ ಒಳಗೆ, ಮೈಗೆ ಹೊಂದುವಂತೆ ಭದ್ರಪಡಿಸಿಕೊಳ್ಳುವುದು ಒಳಿತು. ಹೊರಗೆ ತೂಗಾಡುವ ದಾರ ಹಗ್ಗಕ್ಕಾಗಲಿ ಬಂಡೆಯ ಚೂಪಿಗಾಗಲಿ ಸಿಲುಕಿದರೆ ಕುತ್ತಿಗೆಗೆ ಅಪಾಯ.

ಗುಹೆಗಳ ವಿಷಯದಲ್ಲಿ ನಮಗೆ ಭಕ್ತಿಯ ನಂಟೂ ಇದೆ. ಶ್ರೀಶೈಲದ ಬಳಿಯ ಅಕ್ಕಮಹಾದೇವಿಯ ಗುಹೆ, ಸಿದ್ಧಗಂಗೆಯ ಬೆಟ್ಟದ ಗುಹೆ ಇವೆಲ್ಲ ಭಕ್ತರು ನಿತ್ಯವೂ ಹೋಗುವ ತಾಣಗಳು. ಕೋಲಾರದ ಅಂತರಗಂಗೆಯಲ್ಲಿ ಬಂಡೆಗಳ ನಡುವಣ ಗುಹೆಗಳಿಗೆ ಸಾಹಸಪ್ರಿಯರು ಹೋಗುತ್ತಾರೆ. ಗುಹೆಯೊಳಗೆ ಹಗಲಿರುಳುಗಳ ಭೇದವಿಲ್ಲ, ಆದರೆ ಹೊರಬರುವಾಗ ಕತ್ತಲಾಗಿದ್ದರೆ ಮರಳುವ ದಾರಿಯೇ ತಪ್ಪಬಹುದು. ಆದುದರಿಂದ ಪ್ರತಿಯೊಬ್ಬರ ಬಳಿಯೂ ಮೂರು ಪ್ರತ್ಯೇಕ ದೀಪಗಳಿರಬೇಕೆಂಬುದು ಗುಹಾವಿಹಾರಿಗಳ ನಿಯಮ. ಮೊಬೈಲನ್ನು ದೀಪವೆಂದು ಎಣಿಸಬಾರದು, ಅದು ಕರೆಮಾಡಲು ಉಳಿಯಬೇಕು. ತಂಡದಲ್ಲಿ ನಾಲ್ವರಿಗಿಂತ ಕಡಿಮೆ ಇರಬಾರದು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಬಳಿಯಲ್ಲಿ ನಿಲ್ಲಲು, ಇಬ್ಬರು ನೆರವು ತರಲು ಬೇಕು.

ಬಾವಲಿಗಳಿರುವ ಗುಹೆಯಲ್ಲಿ ಒಣಗಿದ ಹಿಕ್ಕೆಯ ದೂಳನ್ನು ಎಬ್ಬಿಸಬಾರದು. ಅದರಲ್ಲಿ ಬೆಳೆಯಬಲ್ಲ ಒಂದು ಶಿಲೀಂಧ್ರ ಉಸಿರಿನ ಮೂಲಕ ಶ್ವಾಸಕೋಶದ ಸೋಂಕು ತರುತ್ತದೆ. ಅಸ್ತಮಾ ಇರುವವರು ಇಂತಹ ಗುಹೆಗೆ ಹೋಗದಿರುವುದೇ ಮೇಲು. ಸಂಜೆಯಾಗುತ್ತಲೇ ಬಾವಲಿಗಳು ಹೊರಬರುವುದರಿಂದ ಆ ಹೊತ್ತಿನಲ್ಲಿ ಗುಹೆಯ ಬಾಯಿಗೆ ಅಡ್ಡ ನಿಲ್ಲಬಾರದು. ಬಂಡೆಯ ಮೇಲೆ ಹೆಜ್ಜೇನು ಕಟ್ಟಿದ್ದರೆ ಊದುಬತ್ತಿ, ಕರ್ಪೂರ, ಹೊಗೆ, ಗದ್ದಲ ಯಾವುದೂ ಕೂಡದು.

ಕಾಡಿನ ನೆರೆಹೊರೆ

ಚಾಮುಂಡಿಬೆಟ್ಟ ಮೀಸಲು ಅರಣ್ಯ. ಅಲ್ಲಿ ಚಿರತೆಗಳಿವೆ. ಅವು ಹೆಚ್ಚಾಗಿ ಸಂಚರಿಸುವುದು ಮುಸ್ಸಂಜೆಯಿಂದ ಮುಂಜಾವದವರೆಗೆ. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ದಾಳಿಗೆ ಬಲಿಯಾದುದನ್ನು ಯಾರೂ ಮರೆಯಲಾರರು. ಆದುದರಿಂದ ಅರಣ್ಯ ಇಲಾಖೆಯ ಸಮಯದ ನಿರ್ಬಂಧಗಳನ್ನು ಅಡ್ಡಿಯೆಂದು ಭಾವಿಸಬಾರದು. ಮಕ್ಕಳು ಸಾಲಿನ ಮಧ್ಯದಲ್ಲಿರಲಿ, ಯಾರೂ ಒಂಟಿಯಾಗಿ ಹಿಂದುಳಿಯದಿರಲಿ. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಂತಹ ಕಡೆ ಅನುಮತಿಯಿಲ್ಲದೆ ಬಂಡೆ ಹತ್ತುವಂತಿಲ್ಲ.

ಸಂಜೆ ತಂಪಾಗುತ್ತಲೇ ಕೊಳಕುಮಂಡಲ ಮೊದಲಾದ ಹಾವುಗಳು ಹೊರಬರುತ್ತವೆ. ಬಂಡೆಯ ಸಂದಿಗೆ ನೋಡದೆ ಕೈ ಹಾಕಬಾರದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಎಲ್ಲವೂ ಹಾನಿಕರ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇರಿಸಿ, ರೋಗಿಯನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಬೇಕು. ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದು ಮಾತ್ರ. ಏಪ್ರಿಲ್–ಮೇ ತಿಂಗಳುಗಳಲ್ಲಿ ಸಂಜೆಯ ಗುಡುಗುಮಳೆ ಸಾಮಾನ್ಯ. ಗುಡುಗು ಕೇಳಿದೊಡನೆ ಬೋಳುಬಂಡೆಯಿಂದ ಇಳಿಯಬೇಕು, ಒಂಟಿಮರದ ಕೆಳಗೆ ನಿಲ್ಲಬಾರದು.

ತಂಡದ ಶಿಸ್ತು

ಪ್ರತಿ ವಿಹಾರಕ್ಕೂ ಒಬ್ಬ ಮುಂದಾಳು ಇರಬೇಕು, ಕೊನೆಯಲ್ಲಿ ನಡೆಯುವ ಒಬ್ಬ ಅನುಭವಿ ಇರಬೇಕು. ಎಲ್ಲಿಗೆ, ಯಾರು ಯಾರು, ಎಷ್ಟು ಗಂಟೆಗೆ ಮರಳುವುದು ಎಂಬುದನ್ನು ಊರಲ್ಲಿ ಉಳಿದ ಒಬ್ಬರಿಗೆ ಬರೆದು ಕೊಟ್ಟು, ನಿಗದಿತ ವೇಳೆಗೆ ಕರೆ ಬಾರದಿದ್ದರೆ 112ಕ್ಕೆ ತಿಳಿಸುವಂತೆ ಹೇಳಿರಬೇಕು. ಎಲ್ಲಕ್ಕೂ ಮುಖ್ಯವಾದುದು ಹಿಂದಿರುಗುವ ಸಮಯ. ಶಿಖರ ಇನ್ನು ನೂರು ಮೆಟ್ಟಿಲಿದ್ದರೂ ಆ ಸಮಯವಾದೊಡನೆ ತಿರುಗಬೇಕೆಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿರಬೇಕು. ಬೆಟ್ಟದ ಮೇಲೆ ನಿಂತು ಆ ಚರ್ಚೆ ಮಾಡಿದರೆ ಉತ್ಸಾಹವೇ ಗೆಲ್ಲುತ್ತದೆ. ತಂಡದ ವೇಗವೆಂದರೆ ಅದರಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗ. ಹಿಂದುಳಿದವರಿಗಾಗಿ ನಿಲ್ಲುವುದೂ ಒಂದು ದಾಸೋಹವೇ.

ಹೀಗೆ ಯೋಜಿಸಿದ ವಿಹಾರದಿಂದ ದೇಹಕ್ಕೆ ಬಲ, ಮನಸ್ಸಿಗೆ ಉಲ್ಲಾಸ, ರಾತ್ರಿಗೆ ಸುಖನಿದ್ರೆ ದೊರೆಯುತ್ತವೆ. ಕತ್ತಲಾಗುವ ಮುನ್ನ ಎಲ್ಲರೂ ಕ್ಷೇಮವಾಗಿ ಮನೆ ಸೇರಿ, ಕೈಕಾಲು ತೊಳೆದು ಸಂಜೆಯ ಲಿಂಗಪೂಜೆಗೆ ಕುಳಿತರೆ ಆ ದಿನದ ವಿಹಾರ ಸಫಲವಾಯಿತೆಂದು ತಿಳಿಯಬಹುದು. ಬೆಟ್ಟ ಮುಂದಿನ ವಾರವೂ ಅಲ್ಲಿಯೇ ಇರುತ್ತದೆ.