ಸಕ್ಕರೆ ಕಾಯಿಲೆಯವರ ಕಾಲಿನ ನರಗಳಿಗೆ ವಿದ್ಯುತ್ ಪರೀಕ್ಷೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ದುಡಿಯುವವರ ಕಾಲಿಗೆ ಮುಳ್ಳು ತಾಗುವುದು, ಕಪಾತು ಮಾಡಿದ ಕಡ್ಡಿ ಚುಚ್ಚುವುದು ಹೊಸದೇನಲ್ಲ. ನೋವಾದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದವರಿಗೆ ಈ ನೋವೇ ತಿಳಿಯದೆ ಹೋಗಬಹುದು. ರಕ್ತದಲ್ಲಿ ಹೆಚ್ಚಿದ ಸಕ್ಕರೆಯಿಂದ ನರಗಳೂ, ಅವುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳೂ ಕೆಡುತ್ತವೆ. ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ತೊಂದರೆ ಸಾಮಾನ್ಯವಾಗಿ ಎರಡೂ ಪಾದಗಳ ಬೆರಳುಗಳಲ್ಲಿ ಆರಂಭವಾಗುತ್ತದೆ. ಜೋಮು, ಉರಿ, ಹತ್ತಿಯ ಮೇಲೆ ನಡೆದಂತಹ ಅನುಭವ ಇದರ ಲಕ್ಷಣಗಳು. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಗಂಬೂಟಿನೊಳಗೆ ಗುಳ್ಳೆ ಒಡೆದು ಹುಣ್ಣಾದ ಮೇಲೆಯೇ ಗೊತ್ತಾಗುತ್ತದೆ.

ನರದಲ್ಲಿ ಸಂದೇಶ ಸಾಗುವುದು ವಿದ್ಯುತ್ತಿನ ರೂಪದಲ್ಲಿ. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಇದರ ವೇಗವನ್ನು ಅಳೆದು ತೋರಿಸಿದರು. ಇಂದಿನ ಪರೀಕ್ಷೆಯ ತತ್ವವೂ ಅದೇ. ಕಾಲಿನ ಒಂದು ಕಡೆ ನರದ ಮೇಲೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಇನ್ನೊಂದು ಕಡೆ ಚರ್ಮಕ್ಕೆ ಅಂಟಿಸಿದ ಪಟ್ಟಿಯಿಂದ ಅದು ತಲುಪಿದ ಹೊತ್ತನ್ನೂ ಬಲವನ್ನೂ ಅಳೆಯುತ್ತಾರೆ. ಆರೋಗ್ಯವಂತರ ಕಾಲಿನ ನರದಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 40 ಮೀಟರಿಗಿಂತ ಹೆಚ್ಚು. ನರ ಕೆಟ್ಟಂತೆ ವೇಗವೂ ಬಲವೂ ಕುಗ್ಗುತ್ತವೆ. ಮಿಡಿತ ಚುರುಕ್ಕೆನ್ನುತ್ತದೆ, ಅಪಾಯವಿಲ್ಲ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಮೊದಲೇ ತಿಳಿಸಬೇಕು. ಆ ದಿನ ಕಾಲಿಗೆ ಎಣ್ಣೆ ಹಚ್ಚಬಾರದು.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದುದು ಚಳಿಯನ್ನು. ತಣ್ಣಗಾದ ನರದಲ್ಲಿ ಮಿಡಿತ ನಿಧಾನವಾಗುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರು ಕಡಿಮೆಯಾಗುತ್ತದೆ. ಆಷಾಢದ ಮಳೆಯಲ್ಲಿ ಕಳಸದಿಂದ ಬಸ್ಸು ಹತ್ತಿ ಒದ್ದೆ ಕಾಲಿನಲ್ಲೇ ಪರೀಕ್ಷೆಗೆ ಮಲಗಿದರೆ, ನರ ಚೆನ್ನಾಗಿದ್ದರೂ ವರದಿ ಕೆಟ್ಟದಾಗಿ ಬರಬಹುದು. ಆದ್ದರಿಂದ ಪ್ರಯೋಗಾಲಯದಲ್ಲಿ ಕಾಲಿನ ಉಷ್ಣತೆ ನೋಡಿ, ಬೇಕಾದರೆ ಬೆಚ್ಚಗೆ ಮಾಡಿ ಅಳೆಯಬೇಕು. ಇದನ್ನು ಕೇಳಲು ಸಂಕೋಚ ಬೇಡ. ಮನೆಯಲ್ಲಿ ಒಲೆಯ ಮುಂದೆ ಅಥವಾ ಹಂಡೆಯ ಬಿಸಿನೀರಿನಲ್ಲಿ ಕಾಲು ಕಾಯಿಸಿಕೊಂಡು ಹೊರಡುವುದು ಮಾತ್ರ ತಪ್ಪು. ಸ್ಪರ್ಶವಿಲ್ಲದ ಕಾಲು ಸುಟ್ಟರೂ ತಿಳಿಯುವುದಿಲ್ಲ.

ಎಲ್ಲರಿಗೂ ಈ ಪರೀಕ್ಷೆ ಅಗತ್ಯವಿಲ್ಲ. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ, 128 ಕಂಪನದ ಶ್ರುತಿಕವಲನ್ನು ಹೆಬ್ಬೆರಳಿಗಿಟ್ಟು ವೈದ್ಯರು ಬಹುಪಾಲು ತಿಳಿಯಬಲ್ಲರು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಯಲ್ಲಿ, ಕಾಯಿಲೆ ಪತ್ತೆಯಾದ ದಿನವೇ ಪಾದ ಪರೀಕ್ಷೆ ಮಾಡಿಸಿ, ಅನಂತರ ವರ್ಷಕ್ಕೊಮ್ಮೆ ಮಾಡಿಸಬೇಕು. ಒಂದೇ ಕಾಲಿಗೆ ತೊಂದರೆ ಬಂದಾಗ, ಬಲಹೀನತೆ ಬೇಗ ಹೆಚ್ಚಿದಾಗ, ಕೈಗಳಲ್ಲಿ ಮೊದಲು ಜೋಮು ಕಂಡಾಗ ವಿದ್ಯುತ್ ಪರೀಕ್ಷೆ ಬಹಳ ಉಪಯುಕ್ತ. ಏಕೆಂದರೆ ನರ ಕೆಡಲು ಸಕ್ಕರೆಯೊಂದೇ ಕಾರಣವಲ್ಲ. ಕುಷ್ಠ, ಮದ್ಯ, ಬಿ-12 ಜೀವಸತ್ವದ ಕೊರತೆ, ಕೆಲವು ರಂಜಕಯುಕ್ತ ಕೀಟನಾಶಕಗಳು ಸಹ ಕಾರಣವಾಗಬಲ್ಲವು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ-12 ಕಡಿಮೆಯಾಗುವುದುಂಟು. ತೋಟದಲ್ಲಿ ಔಷಧಿ ಹೊಡೆಯುವವರು ಆ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಇದು ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ನೋವು, ಬಿಸಿ-ತಂಪುಗಳನ್ನು ತಿಳಿಸುವ ಸಣ್ಣ ತಂತುಗಳು ಎಷ್ಟೋ ವೇಳೆ ಮೊದಲೇ ಕೆಟ್ಟಿರುತ್ತವೆ. ಹೀಗಾಗಿ ರಾತ್ರಿ ಪಾದ ಉರಿಯುತ್ತಿದ್ದರೂ ವರದಿ ಸರಿಯಾಗಿಯೇ ಬರಬಹುದು. ಅಂಥವರು ವರದಿ ನೋಡಿ ಸುಮ್ಮನಾಗದೆ, ಪ್ರತಿ ಸಂಜೆ ಗಂಬೂಟು ಕಳಚಿದ ಮೇಲೆ ಅಂಗಾಲು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಬೇಕು.