ಕಾಯುವ ಕಾಲವೂ ದೇವರ ಕಾಲವೇ



ಆಲುವದ ನಮ್ಮ ಕನ್ನಡ ಮನೆಗಳಲ್ಲಿ ಯಾವುದಕ್ಕೂ ಕಾಯದಿರುವ ತರುಣ ತರುಣಿಯರು ಅಪರೂಪ. ಒಬ್ಬರಿಗೆ ಪರೀಕ್ಷೆಯ ಫಲಿತಾಂಶ ಬರಬೇಕು, ಇನ್ನೊಬ್ಬರಿಗೆ ಪಿ.ಎಸ್.ಸಿ. ರ್‍ಯಾಂಕ್ ಪಟ್ಟಿ, ಮತ್ತೊಬ್ಬರಿಗೆ ವೀಸಾ. ನೆಡುಂಬಾಶ್ಶೇರಿಯ ವಿಮಾನಗಳು ತಲೆಯ ಮೇಲೆ ಹಾರಿಹೋಗುವಾಗ, "ನನ್ನ ಬದುಕು ಶುರುವಾಗುವುದು ಯಾವಾಗ?" ಎಂಬ ಪ್ರಶ್ನೆ ಮನಸ್ಸನ್ನು ಕುಟುಕುತ್ತದೆ. ಹಿರಿಯರು "ತಾಳಿದವನು ಬಾಳಿಯಾನು" ಎನ್ನುತ್ತಾರೆ. ಮಾತು ನಿಜ. ಆದರೆ ತಾಳುವುದೆಂದರೆ ಕೈಕಟ್ಟಿ ಕುಳಿತಿರುವುದೇ?

ಸತ್ಯವೇದದಲ್ಲಿ ಇದಕ್ಕೆ ಒಂದು ಉತ್ತರವಿದೆ. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಯೆಹೂದ್ಯರು ಸೆರೆಯಾಳುಗಳಾಗಿ ಬಾಬೆಲಿನಲ್ಲಿದ್ದರು. ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆಂದು ಭರವಸೆ ಕೊಡುವ ಪ್ರವಾದಿಯೂ ಆಗ ಇದ್ದ. ಯೆರೆಮೀಯನು ಮಾತ್ರ ಅವರಿಗೆ ಪತ್ರ ಬರೆದು, ಎಪ್ಪತ್ತು ವರ್ಷ ಕಾಯಬೇಕೆಂದು ನಿಜವನ್ನೇ ಹೇಳಿದ. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದ. ಆ ಪತ್ರವನ್ನು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಮರಳಿ ಊರು ಕಂಡಿರಲಾರರು. ಆದರೂ ಅವರ ಬದುಕು ವ್ಯರ್ಥವೆಂದು ದೇವರು ಹೇಳಲಿಲ್ಲ. ಕಾಯುವ ಜಾಗವೇ ಅವರಿಗೆ ದೇವರು ಕೊಟ್ಟ ಕೆಲಸದ ಜಾಗವಾಯಿತು.

ನೀವು ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮಲಯಾಳವನ್ನೂ ಆಡುತ್ತಾ ಬೆಳೆದವರು. ಈ ಎರಡು ಭಾಷೆಗಳ ಎರಡು ಹೆಸರಾಂತ ನಿಘಂಟುಗಳು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿದ್ದ ಹೆರ್ಮನ್ ಗುಂಡರ್ಟ್ 1859ರಲ್ಲಿ ಅನಾರೋಗ್ಯದಿಂದ ಜರ್ಮನಿಗೆ ಮರಳಿದರು. ಅವರ ಮಲಯಾಳ ನಿಘಂಟು ಹೊರಬಂದದ್ದು 1872ರಲ್ಲಿ, ಹದಿಮೂರು ವರ್ಷಗಳ ನಂತರ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. ತಾಯ್ನಾಡಿಗೆ ಹೋಗಿದ್ದವರು ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅಷ್ಟರಲ್ಲಿ ಅವರು ಈ ನೆಲಕ್ಕೆ ಬಂದು 41 ವರ್ಷಗಳು ಸಂದಿದ್ದವು!

ಇಬ್ಬರೂ ಬಂದದ್ದು ಸುವಾರ್ತೆ ಸಾರಲು. ಕೇಳಿದವರ ಮನಸ್ಸು ತಿರುಗಿಸುವುದು ಅವರ ಕೈಯಲ್ಲಿರಲಿಲ್ಲ. ಆದರೆ ಆ ಜನರ ಮಾತನ್ನು ಕಿವಿಗೊಟ್ಟು ಕೇಳುವುದು, ಒಂದೊಂದು ಶಬ್ದವನ್ನೂ ಬರೆದಿಡುವುದು ಅವರ ಕೈಯಲ್ಲಿತ್ತು. ಅದನ್ನು ಅವರು ಬಿಡದೆ ಮಾಡಿದರು. ಇಂದು ಅವರ ಮತವನ್ನು ಒಪ್ಪದವರೂ ಆ ನಿಘಂಟುಗಳನ್ನು ಗೌರವದಿಂದ ತೆರೆಯುತ್ತಾರೆ.

ಅಷ್ಟು ಹಿಂದಕ್ಕೇಕೆ ಹೋಗಬೇಕು? 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವವೇ ನೀರಲ್ಲಿ ನಿಂತಿತು. 15ರಂದು ಮುಚ್ಚಿದ ವಿಮಾನ ನಿಲ್ದಾಣ ಮತ್ತೆ ತೆರೆದದ್ದು 29ರಂದು. 1921ರಲ್ಲಿ ಸ್ಥಾಪನೆಯಾದ ಯೂನಿಯನ್ ಕ್ರಿಶ್ಚಿಯನ್ ಕಾಲೇಜು ಸಂತ್ರಸ್ತರ ಶಿಬಿರವಾಯಿತು. ನೀರು ಇಳಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಅನ್ನ ಬೇಯಿಸಲು, ಮದ್ದು ಹಂಚಲು, ಹೆದರಿದ ಮುದುಕರ ಪಕ್ಕ ಕೂರಲು ಕೈಗಳು ಬೇಕಿದ್ದವು. ಅಂಥ ಹೊತ್ತಿನಲ್ಲಿ ಕಾಯುವುದೂ ಸೇವೆ ಮಾಡುವುದೂ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ಕಾಯುವುದು ನೋಯಿಸುವುದಿಲ್ಲವೆಂದು ಯಾರೂ ನಿಮಗೆ ಹೇಳದಿರಲಿ. "ಎಷ್ಟು ಕಾಲ?" ಎಂದು ದೇವರನ್ನೇ ಕೇಳಿದ ಭಕ್ತರ ಮೊರೆ ಕೀರ್ತನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳುವುದು ಅಪನಂಬಿಕೆಯಲ್ಲ. ಎಲ್ಲ ಕಾಯುವಿಕೆಯೂ ನಾವು ಬಯಸಿದ ಹಾಗೆಯೇ ಮುಗಿಯುತ್ತದೆ ಎಂಬ ವಾಗ್ದಾನವೂ ಇಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಸಭೆ ಆಗಮನ ಕಾಲವೆಂದು ಆಚರಿಸುತ್ತದೆ. ವರ್ಷದ ಆರಾಧನೆಯೇ ಕಾಯುವುದರಿಂದ ಆರಂಭ! ಲೂಕನ ಸುವಾರ್ತೆಯ ವೃದ್ಧೆ ಅನ್ನಳು ವಿಧವೆಯಾಗಿ ಬಹುಕಾಲ ಕಾದಳು. ಅಷ್ಟು ವರ್ಷವೂ ದೇವಾಲಯವನ್ನು ಬಿಡದೆ ಪ್ರಾರ್ಥಿಸುತ್ತಿದ್ದುದರಿಂದಲೇ ಮಗು ಯೇಸುವನ್ನು ತಂದ ದಿನ ಅವಳು ಅಲ್ಲೇ ಇದ್ದಳು.

ಆದ್ದರಿಂದ ಮಿತ್ರರೇ, ಪಟ್ಟಿ ಬರುವ ತನಕ ಬದುಕನ್ನು ಮುಂದೂಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಮೌನವಾಗಿ ಪ್ರಾರ್ಥಿಸಿ. ನೀವಿರುವ ಬೀದಿಯಲ್ಲಿ ಯಾರಿಗೆ ನಿಮ್ಮ ಕೈ ಬೇಕಾಗಿದೆಯೆಂದು ನೋಡಿ. ಸಂಘದ ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿ. ನಿಮಗೇ ಅಕ್ಷರ ಸರಿಯಾಗಿ ಬಾರದಿದ್ದರೆ ಈ ವಾರವೇ ಕಲಿಯಲು ತೊಡಗಿ, ಊರಿನಲ್ಲಿರುವ ಅಜ್ಜಿಗೆ ಒಂದು ಕಾಗದ ಬರೆಯಿರಿ. ಅವರೂ ಕಾಯುತ್ತಿದ್ದಾರೆ.