ರಾಕ್ಷಸನ ಬಾಯಿ ಕಟ್ಟಿದವರು

ಫ್ರಾಂಕೆನ್‌ಸ್ಟೈನ್ ಎಂದೊಡನೆ ನೆನಪಾಗುವುದು ಚಪ್ಪಟೆ ತಲೆಯ, ಕತ್ತಿಗೆ ಬೋಲ್ಟು ಚುಚ್ಚಿಕೊಂಡ, ಗುರುಗುಟ್ಟುವ ದೈತ್ಯ. (ಆ ಹೆಸರು ನಿಜವಾಗಿ ಅವನನ್ನು ಸೃಷ್ಟಿಸಿದ ವಿದ್ಯಾರ್ಥಿಯದು.) 1818ರಲ್ಲಿ ಮೇರಿ ಶೆಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ಕಾದಂಬರಿಯಲ್ಲಿ ಅವನು ಗುರುಗುಟ್ಟುವುದಿಲ್ಲ, ವಾದ ಮಾಡುತ್ತಾನೆ. ಡಿ ಲೇಸಿ ಕುಟುಂಬದ ಮನೆಗೆ ಅಂಟಿದ ಗೂಡಿನಲ್ಲಿ ಅವಿತು, ಬಿರುಕಿನಿಂದ ನೋಡುತ್ತ ಭಾಷೆ ಕಲಿಯುತ್ತಾನೆ. ಮಿಲ್ಟನ್, ಪ್ಲುಟಾರ್ಕ್ ಓದುತ್ತಾನೆ. ರಾತ್ರಿ ಅವರಿಗೆ ಸೌದೆ ತಂದು ಹಾಕುತ್ತಾನೆ. ಕುರುಡ ಮುದುಕ ಅವನ ಮಾತು ಕೇಳಿ ಆದರಿಸಿದರೆ, ಕಣ್ಣಿರುವ ಮಗ ಒಳಗೆ ಬಂದವನೇ ದೊಣ್ಣೆಯಿಂದ ಬಾರಿಸುತ್ತಾನೆ. ಈ ಅಧ್ಯಾಯಗಳನ್ನು ಶೆಲ್ಲಿ ಅವನ ಬಾಯಿಂದಲೇ ಹೇಳಿಸಿದ್ದಾಳೆ. ಓದುವವರಿಗೆ ಮುಖ ಕಾಣದು, ಮಾತಷ್ಟೇ ಕೇಳಿಸುತ್ತದೆ. ಅಂದರೆ ಅವರೂ ಆ ಮುದುಕನ ಜಾಗದಲ್ಲೇ ಕೂತಿರುತ್ತಾರೆ. ರಂಗಭೂಮಿ ಮತ್ತು ಸಿನಿಮಾ ಅವರನ್ನು ಅಲ್ಲಿಂದ ಎಬ್ಬಿಸಿ ದೊಣ್ಣೆ ಹಿಡಿದವನ ಪಕ್ಕದಲ್ಲಿ ನಿಲ್ಲಿಸಿದವು.

1823ರಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಬರೆದ ನಾಟಕದಲ್ಲೇ ಅವನು ಮೂಕನಾದ. ಅದನ್ನು ನೋಡಿದ ಶೆಲ್ಲಿ ನಟ ಟಿ.ಪಿ. ಕುಕ್‌ನನ್ನು ಮೆಚ್ಚಿಕೊಂಡಳು ಎಂಬುದೂ ನಿಜ. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಿತ್ರವಂತೂ ಅವನ ತಲೆಯಲ್ಲಿ ಅಪರಾಧಿಯೊಬ್ಬನ ಮಿದುಳನ್ನೇ ಇಟ್ಟಿತು. ಅಲ್ಲಿಗೆ ಹೊಡೆದವರ ಹೊಣೆ ಕಳೆಯಿತು: ಅವನು ಕೆಟ್ಟದ್ದು ಏಟು ತಿಂದಲ್ಲ, ಹುಟ್ಟುತ್ತಲೇ.

ಅವನು ಕೊಲೆಗಾರನಲ್ಲವೇ ಎಂದು ಕೇಳಬಹುದು. ಹೌದು, ಬಾಲಕ ವಿಲಿಯಂನನ್ನು ಕೊಂದು, ಆ ಆರೋಪ ಜಸ್ಟೀನ್ ಎಂಬ ಹುಡುಗಿಯ ತಲೆಗೆ ಬಂದು ಅವಳು ಗಲ್ಲಿಗೇರುವಂತೆ ಮಾಡಿದವನನ್ನು ಶೆಲ್ಲಿಯೂ ಖುಲಾಸೆ ಮಾಡುವುದಿಲ್ಲ. ಆದರೆ ಅವಳು ಘಟನೆಗಳ ಕ್ರಮವನ್ನು ಕಾಪಾಡಿದ್ದಾಳೆ. ಹೊಳೆಯಲ್ಲಿ ಮುಳುಗುತ್ತಿದ್ದ ಹುಡುಗಿಯನ್ನು ದಡಕ್ಕೆ ತಂದದ್ದಕ್ಕೆ ಅವನಿಗೆ ಸಿಕ್ಕಿದ್ದು ಗುಂಡೇಟು, ಕೊಲೆ ಆಮೇಲಿನದು.

ಮಾತಿಲ್ಲದಿದ್ದರೇನು, ವೇಲ್‌ನ ಚಿತ್ರದಲ್ಲಿ ಅವನ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್‌ನ ಕಣ್ಣುಗಳೇ ಕರುಣೆ ಹುಟ್ಟಿಸುತ್ತವಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹುಟ್ಟಿಸುತ್ತವೆ, ಸಂಶಯವಿಲ್ಲ. ಆದರೆ ಮೂಕನ ಪರ ಸಾಕ್ಷಿ ಹೇಳಬೇಕಾದದ್ದು ದೃಶ್ಯವೊಂದೇ, ಅದಕ್ಕೆ ಕತ್ತರಿ ಬಿದ್ದರೆ ಅವನಿಗೆ ಬೇರೆ ಗತಿಯಿಲ್ಲ. ಆ ಚಿತ್ರದಲ್ಲಿ ಅವನು ಪುಟ್ಟ ಮರಿಯಾಳೊಡನೆ ಕೆರೆಗೆ ಹೂ ಎಸೆದು ಆಡುತ್ತಾನೆ. ಹೂ ಮುಗಿದಾಗ ಅವಳೂ ಹಾಗೇ ತೇಲುತ್ತಾಳೆಂದು ಎತ್ತಿ ನೀರಿಗೆ ಹಾಕುತ್ತಾನೆ. ಸೆನ್ಸಾರ್ ಕತ್ತರಿಸಿದ್ದು ಇಷ್ಟನ್ನೇ. ಉಳಿದದ್ದು ಅವಳತ್ತ ಚಾಚಿದ ಅವನ ಕೈ, ಆಮೇಲೆ ಹೆಣ ಹೊತ್ತು ಬರುವ ಅಪ್ಪ. ನಡುವೆ ನಡೆದದ್ದೇನೆಂದು ಪ್ರೇಕ್ಷಕರು ಮನಸ್ಸಿಗೆ ಬಂದ ಅತಿ ಹೀನವಾದದ್ದನ್ನು ಊಹಿಸಿಕೊಳ್ಳಬಹುದಿತ್ತು. ಮಾತಿನ ಕೊರತೆ ವೇಲ್‌ಗೂ ಕಂಡಿರಬೇಕು. 1935ರ ಮುಂದಿನ ಚಿತ್ರದಲ್ಲಿ ಕುರುಡ ಸನ್ಯಾಸಿಯೊಬ್ಬನಿಂದ ಅವನಿಗೆ ನಾಲ್ಕು ಪದ ಕಲಿಸಿದ. ಕೆರೆಯ ಆ ತುಣುಕು ಚಿತ್ರಕ್ಕೆ ಮರಳಲು ಮಾತ್ರ 1980ರ ದಶಕ ಬರಬೇಕಾಯಿತು.